ಉದುರುಗಾಳು

"ನವಣೆ ಯಾರಿಗೆ ಸಾರ್, ಶುಗರ್ರಾ?"
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಿರ್ವಾಣಪ್ಪ ಕೇಳಿದ.
ಅಲ್ಲಪ್ಪ, ಹಕ್ಕಿಗೆ, ಅಂದೆ.
ಕಾಳು ಮೊಗೆಯುತ್ತಿದ್ದವನು ಕೈ ನಿಲ್ಲಿಸಿ ನನ್ನನ್ನೇ ನೋಡಿದ.
ಪೆನ್ಷನ್ ಮೊಹಲ್ಲಾದಲ್ಲಿ ಮೂವತ್ತೊಂದು ವರ್ಷ
ಸೊಸೈಟಿ ಅಂಗಡಿ ನಡೆಸಿದವನ ಮುಖ
ಹಾಸನದಲ್ಲಿ ಯಾರಿಗೆ ಗೊತ್ತಿಲ್ಲ.

ಮೊದಲು ತಂದದ್ದು ಕೆಂಪು ಪ್ಲಾಸ್ಟಿಕ್ಕಿನ ಗೋಪುರ.
ನಾಲ್ಕು ಕಿಂಡಿ, ನಾಲ್ಕು ಕಡ್ಡಿ, ಮುನ್ನೂರೈವತ್ತು ರೂಪಾಯಿ.
ಸೂರ್ಯಕಾಂತಿ ಬೀಜ ತುಂಬಿ ಸೀಬೆ ಮರಕ್ಕೆ ತೂಗುಹಾಕಿದೆ.
ಬಂದದ್ದು ಅಳಿಲು.
ತಲೆಕೆಳಗಾಗಿ ಜೋತುಬಿದ್ದು, ಆಡಿಟರ್ ಹಾಗೆ
ಒಂದೊಂದೇ ಬೀಜ ತಿರುಗಿಸಿ ತಿರುಗಿಸಿ ನೋಡಿ
ಸಿಪ್ಪೆಯನ್ನು ನನ್ನ ಚಪ್ಪಲಿಯ ಮೇಲೆ ಉದುರಿಸಿತು.
ಆಮೇಲೆ ಪಾರಿವಾಳ. ಒಂದಲ್ಲ, ಹನ್ನೊಂದು.
ಸರ್ವಮಂಗಳ ಒಗೆದ ಸೀರೆಯನ್ನೇ ಮತ್ತೆ ಒಗೆದಳು,
ಮಾತಾಡಲಿಲ್ಲ.

ಬೀಜ ಬದಲಾಯಿಸಿದೆ.
ಗುಬ್ಬಿಗೆ ನುಚ್ಚು, ರಾಟವಾಳಕ್ಕೆ ನವಣೆ, ಸಾಮೆ,
ಪಿಕಳಾರಕ್ಕೆ ಕಳಿತ ಪಚ್ಚಬಾಳೆ:
ಹಳೇ ರಿಜಿಸ್ಟರಿನ ಖಾಲಿ ಹಾಳೆಯಲ್ಲಿ
ಕಾರ್ಡುದಾರರ ಹೆಸರಿನಂತೆ ಬರೆದುಕೊಂಡೆ.
ಮಡಿವಾಳ ಹಕ್ಕಿಗೆ ಕಾಳು ಒಲ್ಲದಂತೆ, ಹುಳವೇ ಬೇಕಂತೆ.
ಹುಳಕ್ಕೇನು, ನಮ್ಮಲ್ಲಿ ಬರವಿತ್ತೇ?
ಕೆಲವು ತಿಂಗಳು ಅಕ್ಕಿಗಿಂತ ಅದನ್ನೇ ಹೆಚ್ಚು ತೂಗಿದ್ದೇನೆ.

ಗೋಪುರ ಗಾಳಿಗೆ ಗಿರಗಿರ ತಿರುಗುತ್ತಿತ್ತು.
"ತಾತ, ಅದಕ್ಕೇ ಅವು ಹೆದರ್ತವೆ" ಅಂದಳು
ಕಾಂಪೌಂಡಿನಾಚೆಯಿಂದ ತಬಸ್ಸುಮ್,
ಮೂರನೇ ಕ್ಲಾಸು, ನನಗಿಂತ ತಿಳಿದವಳು.
ತೆಂಗಿನ ಚಿಪ್ಪು ಕಟ್ಟಿದೆ. ಅದೂ ತಿರುಗಿತು.
ಅಟ್ಟ ಹತ್ತಿ ಸೀಮೆಎಣ್ಣೆಯ ಹಳೇ ಲೀಟರು ಇಳಿಸಿದೆ,
ಬೂದಿ ಹಾಕಿ ತಿಕ್ಕಿ, ನಾಲ್ಕು ದಿನ ಬಿಸಿಲಿಗಿಟ್ಟು
ಅಡ್ಡಕ್ಕೆ ಮಲಗಿಸಿ ಎರಡು ಕಡೆ ತಂತಿ ಬಿಗಿದೆ.
ತಿಕ್ಕುವಾಗ ಬೆರಳಿಗೆ ಸಿಕ್ಕಿತು ತಳದ ತಗ್ಗು.
ಹೊರಗಿನಿಂದ ಸುತ್ತಿಗೆಯ ಒಂದೇ ಏಟು.
ಹೊಡೆದವನು ನಾನೇ, ಮದುವೆಯಾದ ವರ್ಷ.
ನೋಡುವವರಿಗೆ ಲೀಟರು,
ಒಲೆಗೆ ಹೋಗುವಾಗ ಎರಡು ಗುಟುಕು ಕಮ್ಮಿ.

ಅದರಲ್ಲಿ ನವಣೆ ಹಾಕಿ ಕಾದೆ.
ಒಂದು ವಾರ. ಯಾವ ಹಕ್ಕಿಯೂ ಇಲ್ಲ.

ಅಂಗಡಿಗಾದರೆ ಕರೆಯದೆ ಬರುತ್ತಿದ್ದವು,
ಕಾರ್ಡಿಲ್ಲ, ಸಹಿಯಿಲ್ಲ;
ಮೂಟೆಯ ಹೊಲಿಗೆ ಬಿಚ್ಚಿದ ಸದ್ದಿಗೇ
ತೊಲೆಯಿಂದ ಇಳಿಯುತ್ತಿದ್ದವು ಗುಬ್ಬಿಗಳು.
ಹುಶ್ ಅಂದು ಓಡಿಸಿ, ಸಂಜೆ ಪೊರಕೆ ಹಿಡಿದು
ಉದುರಿದ ರಾಗಿಯನ್ನೆಲ್ಲ ಮೂಟೆಗೇ ಸುರಿಯುತ್ತಿದ್ದೆ.
ಮಣ್ಣಿನ ತೂಕವೂ ತೂಕವೇ.

ಮಿಷನ್ ಬಂದ ವರ್ಷ ಹೂವಮ್ಮನ ಹೆಬ್ಬೆಟ್ಟು ಹತ್ತಲಿಲ್ಲ.
ಹತ್ತು ಮನೆ ಪಾತ್ರೆ ತಿಕ್ಕಿ ಗೆರೆಯೆಲ್ಲ ಸವೆದಿತ್ತು.
ನಾಳೆ ಬಾ ಅಂದೆ.
ಬಂದಳು. ನಾಳೆ ಬಾ ಅಂದೆ.
ಆ ದಿನ ಅವಳು ಮೆಟ್ಟಿಲ ಮೇಲೆ ಕೂತು
ಕಲ್ಲಿನ ಸಂದಿಯಿಂದ ರಾಗಿ ಹೆಕ್ಕಿದಳು, ಒಂದು ಹಿಡಿಯಾಗುವಷ್ಟು.
ಸೆರಗಿಗೆ ಕಟ್ಟಿಕೊಳ್ಳುತ್ತಾಳೆ ಅಂದುಕೊಂಡೆ.
ಗುಬ್ಬಿಗಳ ಕಡೆ ಎರಚಿ, ಕೈ ಕೊಡವಿ
ನನ್ನ ಕಡೆ ತಿರುಗಿಯೂ ನೋಡದೆ ಹೋದಳು.
ಮತ್ತೆ ಬರಲಿಲ್ಲ.
ಅವಳ ಪಾಲು ಎಲ್ಲಿ ಹೋಯಿತೆಂದು
ರಿಜಿಸ್ಟರಿನಲ್ಲಿ ಇದೆ, ಬೇರೆ ಇಂಕಿನಲ್ಲಿ.

ನಿನ್ನೆ ಲೀಟರು ತುಂಬಲು ಹೋಗಿ ಕೈ ನಡುಗಿ
ಅರ್ಧ ನವಣೆ ನೆಲಕ್ಕೆ ಚೆಲ್ಲಿತು.
ಪೊರಕೆ ತಂದು ಬಾಗುವಷ್ಟರಲ್ಲಿ
ದಾಸವಾಳದ ಬುಡದಲ್ಲಿ ಏನೋ ಕದಲಿತು:
ಎದೆಯ ತುಂಬ ಮೀನಿನ ಪೊರೆಯಂಥ ಚುಕ್ಕಿ,
ಹೆಬ್ಬೆರಳಿಗಿಂತ ತುಸು ದೊಡ್ಡ ರಾಟವಾಳ.
ಒಂದು. ಆಮೇಲೆ ಇನ್ನೊಂದು.
ಐದರವರೆಗೆ ಎಣಿಸಿ, ಎಣಿಸುವುದು ಬಿಟ್ಟೆ.
"ಗುಡಿಸಲ್ವಾ?" ಒಳಗಿನಿಂದ ಸರ್ವಮಂಗಳ.
ಬಾಗಿದವನು ಬಾಗಿಯೇ ಇದ್ದೆ.
ಸೊಂಟ ಹಿಡಿದಿದೆ, ಅದು ಬೇರೆ ಮಾತು.

ಇವತ್ತು ಮತ್ತೆ ಮಾರ್ಕೆಟ್ಟು, ಇನ್ನೊಂದು ಕೆ.ಜಿ. ನವಣೆ.
ತಕ್ಕಡಿಯ ಮುಳ್ಳು ನಡುವಿಗೆ ಬರುವ ಮುಂಚೆಯೇ
ನಿರ್ವಾಣಪ್ಪ ತಟ್ಟೆ ಎತ್ತಿ ಚೀಲಕ್ಕೆ ಸುರಿದ.
ಎಷ್ಟು ಕಮ್ಮಿ ಎಂದು ನನ್ನ ಅಂಗೈಗೆ ಗೊತ್ತು,
ಗ್ರಾಮಿನ ಲೆಕ್ಕದಲ್ಲಿ.
ದುಡ್ಡು ಕೊಟ್ಟೆ.
ಅವನೂ ನಾನೂ
ಒಬ್ಬರ ಮುಖ ಒಬ್ಬರು ನೋಡಲಿಲ್ಲ.